ಕಾದಂಬರಿಯಲ್ಲಿದೆ, ಹಾಗಾದರೆ ನಿಜವೇ? ಸೋಮನಾಥಪುರದ 'ಜೋಳದ ತೆನೆ' ಮತ್ತು ಐತಿಹಾಸಿಕ ಪತ್ತೇದಾರಿ ಕಥೆಗಳು

ಕುದೇರಿನ ಓದುಗರೊಬ್ಬರು ಕಳೆದ ವಾರ ನಮಗೊಂದು ವಾಟ್ಸ್‌ಆ್ಯಪ್ ಫಾರ್ವರ್ಡ್ ಕಳಿಸಿದರು. ಸೋಮನಾಥಪುರದ ದೇವಾಲಯದ ಶಿಲ್ಪವೊಂದರ ಫೋಟೊ, ಅದರ ಕೈಯಲ್ಲಿರುವ ವಸ್ತುವಿನ ಸುತ್ತ ಕೆಂಪು ವೃತ್ತ. ಕೆಳಗಿದ್ದ ಬರಹದ ಸಾರ ಇಷ್ಟು: ಮುಸುಕಿನ ಜೋಳ ಹುಟ್ಟಿದ್ದು ಅಮೆರಿಕದಲ್ಲಿ. ಕೊಲಂಬಸ್ ಅಲ್ಲಿಗೆ ಹೋಗಿದ್ದು 1492ರಲ್ಲಿ. ಆದರೆ ಅದಕ್ಕೂ 200 ವರ್ಷ ಮೊದಲೇ ಹೊಯ್ಸಳರ ಶಿಲ್ಪದ ಕೈಯಲ್ಲಿ ಜೋಳದ ತೆನೆ ಇದೆ. ಅಂದರೆ ನಮ್ಮವರು ಕೊಲಂಬಸ್‌ಗಿಂತ ಮೊದಲೇ ಅಮೆರಿಕ ಮುಟ್ಟಿದ್ದರು. ಈ ಸತ್ಯವನ್ನು ಮುಚ್ಚಿಟ್ಟಿದ್ದಾರೆ, ಹತ್ತು ಗುಂಪುಗಳಿಗೆ ಕಳಿಸಿ.

ಇಂಥ ಫಾರ್ವರ್ಡ್‌ಗಳು ನಮಗೆ ಹೊಸದಲ್ಲ. ಹೊಸದಾಗಿದ್ದು ಅದರ ಜೊತೆ ಬಂದ ಪ್ರಶ್ನೆ: "ಇದನ್ನ ನಾನು ಕಾದಂಬರೀಲೂ ಓದಿದ್ದೀನಿ. ಬರೆದವರು ವಿಜ್ಞಾನಿ. ಹಾಗಾದ್ರೆ ನಿಜಾನೇ ಅಲ್ವಾ?"

ಒಂದೇ ಪದದ ಉತ್ತರ ಬೇಕಿದ್ದವರಿಗೆ: ಅಲ್ಲ. ಇನ್ನೂ ಸಾಬೀತಾಗಿಲ್ಲ, ಮತ್ತು ಈವರೆಗಿನ ಪುರಾವೆಗಳು ಅದರ ವಿರುದ್ಧವೇ ಇವೆ. ಆದರೆ ಈ ಪ್ರಶ್ನೆ ಒಂದು ಪದದಲ್ಲಿ ಮುಗಿಸುವಂಥದ್ದಲ್ಲ. ಅದರಲ್ಲಿ ಎರಡು ಗಂಟುಗಳಿವೆ: ಶಿಲ್ಪದ ಕೈಯಲ್ಲಿರುವುದು ಏನು ಎಂಬುದು ಒಂದು, ಕಾದಂಬರಿಯಲ್ಲಿ ಓದಿದ್ದು ನಮ್ಮ ತಲೆಯಲ್ಲಿ ಯಾವಾಗ ಇತಿಹಾಸವಾಗಿಬಿಡುತ್ತದೆ ಎಂಬುದು ಇನ್ನೊಂದು.

ಯಾವ ಕಾದಂಬರಿ?

ಆ ಓದುಗರು ಹೇಳಿದ್ದು ಕೆ.ಎನ್. ಗಣೇಶಯ್ಯ ಅವರ 'ಕನಕ ಮುಸುಕು' ಬಗ್ಗೆ. ಗಣೇಶಯ್ಯ ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದಲ್ಲಿ ಪ್ರಾಧ್ಯಾಪಕರಾಗಿದ್ದ ಕೃಷಿ ವಿಜ್ಞಾನಿ. 'ಸುಧಾ' ವಾರಪತ್ರಿಕೆಯಲ್ಲಿ ಧಾರಾವಾಹಿಯಾಗಿ ಬಂದ ಈ ಕಾದಂಬರಿ ಹೊಯ್ಸಳ ಶಿಲ್ಪಗಳ ಕೈಯಲ್ಲಿ ಕಾಣುವ ತೆನೆಯಂಥ ವಸ್ತುವಿನಿಂದ ತನ್ನ ಒಗಟನ್ನು ಕಟ್ಟಿಕೊಳ್ಳುತ್ತದೆ. ಅವರ 'ಕರಿಸಿರಿಯಾನ', 'ಕಪಿಲಿಪಿಸಾರ', 'ಚಿತಾದಂತ' ಓದಿದವರಿಗೆ ಆ ರುಚಿ ಗೊತ್ತು. ಒಂದು ಶಾಸನ, ಒಂದು ಹಳೆಯ ಗುಡಿ, ಪುಸ್ತಕದಲ್ಲಿ ಸಿಗುವ ಒಂದು ಸಾಲಿನ ಉಲ್ಲೇಖ ಇವುಗಳಿಂದ ಶುರುವಾಗಿ ಕಥೆ ಓಟಕ್ಕೆ ಬೀಳುತ್ತದೆ. ಜೊತೆಗೆ ಟಿಪ್ಪಣಿ, ಚಿತ್ರ, ಆಧಾರಗಳ ಪಟ್ಟಿ. ಕಾದಂಬರಿಗೆ ಆಧಾರಗಳ ಪಟ್ಟಿ ಕೊಡುವ ಲೇಖಕರು ಕನ್ನಡದಲ್ಲಿ ತುಂಬಾ ಕಡಿಮೆ.

ಇಲ್ಲೇ ಒಂದು ಎಡವಟ್ಟು ಆಗುತ್ತದೆ. ಆಧಾರ ಕೊಟ್ಟಿದ್ದಾರೆ ಎಂದಾಗ ಓದುಗ ಇಡೀ ಕಥೆಗೇ ಆಧಾರವಿದೆ ಎಂದುಕೊಳ್ಳುತ್ತಾನೆ. ಆದರೆ ಟಿಪ್ಪಣಿ ಇರುವುದು ಎಲ್ಲಿಯವರೆಗೆ ದಾಖಲೆ, ಎಲ್ಲಿಂದ ಕಲ್ಪನೆ ಎಂದು ಗುರುತಿಸಿಕೊಳ್ಳಲಿ ಎಂದು. ಫಾರ್ವರ್ಡ್ ಆಗುವಾಗ ಮೊದಲು ಬಿದ್ದುಹೋಗುವುದು ಆ ಟಿಪ್ಪಣಿಯೇ.

ಈ ಬಗೆಯ ಕಥೆಗಳು ಹೇಗೆ ಕೆಲಸ ಮಾಡುತ್ತವೆ

ಕನ್ನಡಕ್ಕೆ ಪತ್ತೇದಾರಿ ಹೊಸದಲ್ಲ. ಎನ್. ನರಸಿಂಹಯ್ಯನವರ 'ಪತ್ತೇದಾರ ಪುರುಷೋತ್ತಮ' ಬಂದಿದ್ದು 1952ರಲ್ಲಿ. ನಾಲ್ಕನೇ ತರಗತಿವರೆಗೆ ಓದಿ, ಬಸ್ ಕಂಡಕ್ಟರ್ ಕೆಲಸವನ್ನೂ ಮಾಡಿದ್ದ ಅವರು 500ಕ್ಕೂ ಹೆಚ್ಚು ಕಾದಂಬರಿ ಬರೆದರು. ಪುರುಷೋತ್ತಮ, ಮಧುಸೂದನ, ಅರಿಂಜಯ, ಗಾಳಿರಾಯ ಇವರೆಲ್ಲ ಪುಸ್ತಕದಿಂದ ಪುಸ್ತಕಕ್ಕೆ ಮರಳಿ ಬರುವ ಪತ್ತೇದಾರರು. ಮನೆಯಲ್ಲಿ ಹಿರಿಯರಿದ್ದರೆ ಈ ಹೆಸರುಗಳನ್ನು ಹೇಳಿ ನೋಡಿ, ಮುಖ ಅರಳುತ್ತದೆ. (ಇನ್ನೊಂದು ಸಂಗತಿ: ಹಳದಿ ಕೆಂಪು ಕನ್ನಡ ಬಾವುಟ ರೂಪಿಸಿದ ಮ. ರಾಮಮೂರ್ತಿಯವರೂ ಪತ್ತೇದಾರಿ ಕಾದಂಬರಿಕಾರರೇ.)

ಪತ್ತೇದಾರನನ್ನು ಹಳೆಯ ಕಾಲಕ್ಕೆ ಕಳಿಸಿದರೆ ಐತಿಹಾಸಿಕ ಪತ್ತೇದಾರಿ. ಇಂಗ್ಲೆಂಡಿನ ಎಲಿಸ್ ಪೀಟರ್ಸ್ 1977ರಲ್ಲಿ ಬ್ರದರ್ ಕ್ಯಾಡ್‌ಫೆಲ್ ಎಂಬ 12ನೇ ಶತಮಾನದ ಸನ್ಯಾಸಿಯನ್ನು ಪತ್ತೇದಾರ ಮಾಡಿದರು. ಯುದ್ಧ, ಸಮುದ್ರ ಎಲ್ಲ ನೋಡಿ ಬಂದು ಮಠದ ಔಷಧಿ ತೋಟ ನೋಡಿಕೊಳ್ಳುವವನು. ಮೊದಲ ಕಾದಂಬರಿಯ ಹಿನ್ನೆಲೆ ನಿಜವಾದ ಘಟನೆ: ಶ್ರೂಸ್‌ಬರಿ ಮಠದವರು 1138ರಲ್ಲಿ ವೇಲ್ಸ್‌ನಿಂದ ಒಬ್ಬ ಸಂತಳ ಅಸ್ಥಿಗಳನ್ನು ತಂದಿದ್ದರು. ಮಠ ನಿಜ, ಅಸ್ಥಿ ತಂದಿದ್ದು ನಿಜ. ನಡುವೆ ನಡೆಯುವ ಕೊಲೆ ಕಲ್ಪನೆ, ಕ್ಯಾಡ್‌ಫೆಲ್ ಕೂಡ ಕಲ್ಪನೆ.

ನಮ್ಮ ಸೀಮೆಗೆ ಬಂದರೆ, ಬೆಂಗಳೂರಿನ ಪರಿಸರ ವಿಜ್ಞಾನಿ ಹರಿಣಿ ನಾಗೇಂದ್ರ ಇಂಗ್ಲಿಷಿನಲ್ಲಿ ಬರೆದ 'ದಿ ಬ್ಯಾಂಗಲೋರ್ ಡಿಟೆಕ್ಟಿವ್ಸ್ ಕ್ಲಬ್' 2022ರಲ್ಲಿ ಬಂತು. ಕಾಲ 1921. ಗಣಿತ ಎಂದರೆ ಪ್ರಾಣ ಬಿಡುವ 19ರ ಕಾವೇರಿ, ಮದುವೆಯಾಗಿ ಡಾಕ್ಟರ್ ರಾಮು ಮನೆಗೆ ಬಂದವಳು, ಸೆಂಚುರಿ ಕ್ಲಬ್‌ನ ಔತಣದ ರಾತ್ರಿ ನಡೆದ ಕೊಲೆಯ ಬೆನ್ನು ಹತ್ತುತ್ತಾಳೆ. ಆಮೇಲಿನ ಪುಸ್ತಕಗಳಲ್ಲೂ ಅವಳೇ ಪತ್ತೇದಾರಿಣಿ. 1922ರಲ್ಲಿ ಬ್ರಿಟನ್ನಿನ ಯುವರಾಜ ಬೆಂಗಳೂರಿಗೆ ಬಂದ ಸಂದರ್ಭವನ್ನೂ ಒಂದು ಕಾದಂಬರಿ ಬಳಸಿಕೊಂಡಿದೆ.

ಈ ಕಥೆಗಳಲ್ಲಿ ಸ್ವಲ್ಪ ಪ್ರೀತಿ ಪ್ರೇಮ ಇದ್ದೇ ಇರುತ್ತದಲ್ಲ, ಅದು ಬರೀ ಒಗ್ಗರಣೆ ಅಲ್ಲ. ಕೊಲೆಗಾರ ಯಾರು ಎಂಬ ಕುತೂಹಲ ಪುಸ್ತಕದ ಕೊನೆಯಲ್ಲಿ ಸತ್ತುಹೋಗುತ್ತದೆ. ಕಾವೇರಿ ಮತ್ತು ರಾಮು ಮುಂದೆ ಹೇಗಿರುತ್ತಾರೆ ಎಂಬ ಕುತೂಹಲ ಸಾಯುವುದಿಲ್ಲ. ಮುಂದಿನ ಪುಸ್ತಕ ಕೊಳ್ಳಿಸುವುದು ಅದು. ಕ್ಯಾಡ್‌ಫೆಲ್ ಸನ್ಯಾಸಿ, ಹಾಗಾಗಿ ಅಲ್ಲಿ ಪ್ರೀತಿಯ ಪಾಲು ಕಷ್ಟದಲ್ಲಿ ಸಿಕ್ಕಿಕೊಂಡ ಯಾರೋ ಎಳೆಯ ಜೋಡಿಗೆ. ಅವರನ್ನು ಒಂದುಗೂಡಿಸುವುದು ಕ್ಯಾಡ್‌ಫೆಲ್ ಕೆಲಸ. ಪಾತ್ರಗಳು ನಮ್ಮವರಾದ ಮೇಲೆ ಅವರ ಸುತ್ತಲಿನ ಕಾಲವನ್ನೂ ನಾವು ನಂಬತೊಡಗುತ್ತೇವೆ. ಲೇಖಕರಿಗೆ ಬೇಕಾದ್ದೂ ಅದೇ.

ಅದಕ್ಕಾಗಿ ಒಳ್ಳೆಯ ಲೇಖಕರು ಸಣ್ಣ ವಿವರಗಳಲ್ಲಿ ಪ್ರಾಮಾಣಿಕರಾಗಿರುತ್ತಾರೆ. 1921ರ ಬೆಂಗಳೂರಿನ ಬೀದಿಯಲ್ಲಿ ವಿದ್ಯುತ್ ದೀಪ ಇರಬಹುದೇ? ಇರಬಹುದು, ನಮ್ಮ ಕೊಳ್ಳೇಗಾಲದ ಆಚೆಯ ಶಿವನಸಮುದ್ರದಿಂದ 1905ರಲ್ಲೇ ಅಲ್ಲಿಗೆ ವಿದ್ಯುತ್ ಹೋಗಿತ್ತು. ಸೆಂಚುರಿ ಕ್ಲಬ್ ಇತ್ತೇ? ಇತ್ತು, 1917ರಲ್ಲಿ ಶುರುವಾಗಿತ್ತು. ಬದಲಿಗೆ ಯಾರಾದರೂ ಹೊಯ್ಸಳರ ಕಾಲದ ಕಥೆ ಬರೆದು, ಅದರಲ್ಲಿ ದಂಡನಾಯಕ ಮುದ್ದೆ ಜೊತೆ ಹಸಿ ಮೆಣಸಿನಕಾಯಿ ಕಡಿದರೆ ಅಲ್ಲಿಗೆ ಪುಸ್ತಕ ಮುಚ್ಚಬಹುದು. ರಾಗಿ ಸರಿ, ಮೆಣಸಿನಕಾಯಿ ತಪ್ಪು. ಅದು ಅಮೆರಿಕದಿಂದ ಪೋರ್ಚುಗೀಸರ ಹಡಗು ಹತ್ತಿ ಬಂದದ್ದು, 1498ರಲ್ಲಿ ವಾಸ್ಕೋ ಡ ಗಾಮ ಕೇರಳದ ತೀರಕ್ಕೆ ಬಂದ ನಂತರ. ಆಲೂಗೆಡ್ಡೆ, ಟೊಮೆಟೊ, ಕಡಲೆಕಾಯಿ, ಗೋಡಂಬಿ, ಪರಂಗಿ, ಸೀಬೆ, ಹೊಗೆಸೊಪ್ಪು ಎಲ್ಲದರ ತವರೂ ಅಮೆರಿಕವೇ.

ಆ ಪಟ್ಟಿಯಲ್ಲಿರುವ ಇನ್ನೊಂದು ಹೆಸರು ಮುಸುಕಿನ ಜೋಳ. ಈಗ ಶಿಲ್ಪಕ್ಕೆ ಬರೋಣ.

ಸೋಮನಾಥಪುರದಲ್ಲಿ ಇರುವುದೇನು?

ಕುದೇರಿನಿಂದ ಸಂತೇಮರಹಳ್ಳಿ, ಮೂಗೂರು ದಾಟಿ ಟಿ. ನರಸೀಪುರಕ್ಕೆ ಹೋದರೆ ಸೋಮನಾಥಪುರ ಅಲ್ಲಿಂದ ಹತ್ತಿರ. (ಆಚೆ ಕಡೆ ತಲಕಾಡೂ ಇದೆ. ಅಲ್ಲಿನ ಮರಳಿನ ಶಾಪದ ಕಥೆ ಇನ್ನೊಂದು ಲೇಖನಕ್ಕೆ ಇರಲಿ.) ಹೊಯ್ಸಳ ದೊರೆ ಮೂರನೇ ನರಸಿಂಹನ ದಂಡನಾಯಕ ಸೋಮನಾಥ 13ನೇ ಶತಮಾನದ ನಡುವೆ ಕಟ್ಟಿಸಿದ ಕೇಶವ ದೇವಾಲಯ ಅಲ್ಲಿದೆ. ಬೇಲೂರು, ಹಳೇಬೀಡಿನ ಜೊತೆ 2023ರಲ್ಲಿ ಯುನೆಸ್ಕೊ ವಿಶ್ವ ಪರಂಪರೆ ಪಟ್ಟಿಗೆ ಸೇರಿತು. ಹೊರಗೋಡೆಯ ಕೆಲವು ಮೂರ್ತಿಗಳ ಕೈಯಲ್ಲಿ ಉದ್ದನೆಯ, ತುದಿ ಕಿರಿದಾದ, ಮೈತುಂಬ ಕಾಳಿನಂಥ ಸಾಲುಗಳಿರುವ ವಸ್ತು ಇದೆ. ಅದು ಜೋಳದ ತೆನೆಯ ಹಾಗೆ ಕಾಣುವುದು ನಿಜ. ಹಸುವಿಗೆ ಮೇವಿಗೆಂದು ದಿನಾ ಜೋಳ ಕಡಿಯುವ ನಮ್ಮ ಕಡೆಯವರಿಗಂತೂ ಬೇರೇನೂ ಹೊಳೆಯುವುದಿಲ್ಲ.

ಫಾರ್ವರ್ಡ್ ಹೇಳುವ ಹಾಗೆ ಇದನ್ನು ಯಾರೂ ಮುಚ್ಚಿಟ್ಟಿಲ್ಲ. ಅಮೆರಿಕದ ಕಾರ್ಲ್ ಜೊಹಾನೆಸ್ಸೆನ್ ಮತ್ತು ಆ್ಯನ್ ಪಾರ್ಕರ್ 1989ರಲ್ಲಿ 'ಎಕನಾಮಿಕ್ ಬಾಟನಿ' ಎಂಬ ಸಂಶೋಧನಾ ಪತ್ರಿಕೆಯಲ್ಲಿ ಎಲ್ಲರಿಗೂ ಕಾಣುವ ಹಾಗೆ ಬರೆದರು. ಕರ್ನಾಟಕದ ಹೊಯ್ಸಳ ಗುಡಿಗಳ ಶಿಲ್ಪಗಳಲ್ಲಿರುವುದು ಮುಸುಕಿನ ಜೋಳವೇ, ಹಾಗಾಗಿ ಕೊಲಂಬಸ್‌ಗಿಂತ ಮುಂಚೆಯೇ ಅದು ಏಷ್ಯಾಕ್ಕೆ ಬಂದಿರಬೇಕು ಎಂಬುದು ಅವರ ವಾದ. ಕಾಳುಗಳ ಜೋಡಣೆ, ತೆನೆಯ ಉದ್ದ ಅಗಲದ ಅನುಪಾತ, ಒಂದಕ್ಕೊಂದು ತೆನೆಯಲ್ಲಿ ಕಾಣುವ ವ್ಯತ್ಯಾಸ ಇವೆಲ್ಲವನ್ನೂ ನೋಡಿ, ಶಿಲ್ಪಿ ನಿಜವಾದ ತೆನೆ ಎದುರಿಗಿಟ್ಟುಕೊಂಡೇ ಕೆತ್ತಿದ್ದಾನೆ ಎಂದರು. ವಾದ ತಮಾಷೆಯದ್ದಲ್ಲ, ಕಷ್ಟಪಟ್ಟು ಕಟ್ಟಿದ್ದು.

ಉತ್ತರ ಬಂದಿದ್ದು 1993ರಲ್ಲಿ, ಅದೇ ಪತ್ರಿಕೆಯಲ್ಲಿ. ಬರೆದವರು ನಮ್ಮ ದೇಶದವರೇ ಆದ ಎಂ.ಎಂ. ಪಯಕ್ ಮತ್ತು ಜೆ.ಕೆ.ಎಸ್. ಸಚಾನ್. ಜೋಳವನ್ನೇ ಅಧ್ಯಯನ ಮಾಡಿದ ಇಬ್ಬರು ವಿಜ್ಞಾನಿಗಳು ಇದು ಜೋಳವಲ್ಲ ಎಂದರು. ಸಂಸ್ಕೃತದಲ್ಲಿ ಮುಕ್ತಾಫಲ ಎನ್ನುವ, ಮುತ್ತುಗಳಿಂದ ತುಂಬಿದ ಕಾಲ್ಪನಿಕ ಹಣ್ಣು ಇದು. ಭಾಷೆ, ಧರ್ಮ, ಶಿಲ್ಪ ಪರಂಪರೆ ಮೂರೂ ಆ ಕಡೆಗೇ ಬೆರಳು ತೋರಿಸುತ್ತವೆ ಎಂಬುದು ಅವರ ವಾದ.

ನಮಗೆ ಹೆಚ್ಚು ಮುಖ್ಯ ಅನಿಸುವುದು ಗಿಡದ ಸ್ವಭಾವ. ಮುಸುಕಿನ ಜೋಳ ತಾನಾಗಿ ಬೀಜ ಉದುರಿಸಿ ಹರಡುವ ಗಿಡವಲ್ಲ. ಕಾಳು ಮುಸುಕಿನೊಳಗೆ ಬಂದಿ. ಮನುಷ್ಯ ಬಿಡಿಸಿ ಬಿತ್ತಿದರಷ್ಟೇ ಮುಂದಿನ ಬೆಳೆ. ದಕ್ಷಿಣ ಮೆಕ್ಸಿಕೊದ ಜನ ಸುಮಾರು 9,000 ವರ್ಷಗಳ ಹಿಂದೆ ಟಿಯೊಸಿಂಟೆ ಎಂಬ ಕಾಡುಹುಲ್ಲಿನಿಂದ ಇದನ್ನು ಪಳಗಿಸಿ ಹಾಗೆ ಮಾಡಿಟ್ಟರು. ಹೊಯ್ಸಳರ ನಾಡಿನಲ್ಲಿ, ದೇವರ ಕೈಗೆ ಕೊಡುವಷ್ಟು ಪ್ರಿಯವಾಗಿ ಇದು ಬೆಳೆಯುತ್ತಿತ್ತು ಎಂದಾದರೆ ರೈತರು ವರ್ಷ ವರ್ಷ ಬಿತ್ತುತ್ತಿದ್ದರು, ಸುಡುತ್ತಿದ್ದರು, ಬೆಂಡು ಎಸೆಯುತ್ತಿದ್ದರು. ಸುಟ್ಟ ಕಾಳು ನೂರಾರು ವರ್ಷ ಮಣ್ಣಿನಲ್ಲಿ ಉಳಿಯುತ್ತದೆ. ಗಿಡದೊಳಗಿನ ಸೂಕ್ಷ್ಮ ಸಿಲಿಕಾ ಕಣಗಳು, ಪರಾಗ ಕೂಡ ಉಳಿಯುತ್ತವೆ. ಭಾರತದ ಉತ್ಖನನಗಳಲ್ಲಿ ರಾಗಿ, ಹುರುಳಿ, ಹೆಸರು, ಭತ್ತ ಸಿಕ್ಕಿವೆ. ಕೊಲಂಬಸ್‌ಗಿಂತ ಮುಂಚಿನದು ಎಂದು ವಿದ್ವಾಂಸರು ಸಾಮಾನ್ಯವಾಗಿ ಒಪ್ಪಿದ ಮುಸುಕಿನ ಜೋಳದ ಕಾಳು ಸಿಕ್ಕಿಲ್ಲ. ಚರ್ಚೆಗೆ ಬಂದ ಶಿಲ್ಪಗಳಲ್ಲೂ ಇರುವುದು 'ತೆನೆ' ಮಾತ್ರ, ದಂಟು ಎಲೆಗಳ ಗಿಡವಲ್ಲ.

ಹೆಸರನ್ನೂ ಗಮನಿಸಿ. ಹೊಸ ಬೆಳೆ ಬಂದಾಗ ನಮ್ಮವರು ಹಳೆಯ ಬೆಳೆಯ ಹೆಸರಿಗೆ ಒಂದು ಬಾಲವೋ ತಲೆಯೋ ಅಂಟಿಸಿದರು. ಮೆಣಸು ಮೊದಲಿಂದ ಇತ್ತು, ಹಾಗಾಗಿ ಹೊಸದು ಮೆಣಸಿನಕಾಯಿ. ಜೋಳ ಮೊದಲಿಂದ ಇತ್ತು, ಹಾಗಾಗಿ ಇದು ಮುಸುಕು ಹಾಕಿಕೊಂಡ ಜೋಳ. ಸಾವಿರ ವರ್ಷದಿಂದ ಮನೆಯಲ್ಲಿದ್ದ ಬೆಳೆಗೆ ಇಷ್ಟು ಹೊತ್ತಿಗೆ ತನ್ನದೇ ಹೆಸರು ಇರುತ್ತಿತ್ತು. ಇದೊಂದೇ ಪುರಾವೆಯಾಗದು, ಆದರೆ ಉಳಿದವುಗಳ ಜೊತೆ ಸರಿಯಾಗಿ ಕೂರುತ್ತದೆ.

ವಿಜ್ಞಾನಿಗಳು ಹಠಮಾರಿಗಳು, ಕೊಲಂಬಸ್‌ನನ್ನು ಬಿಟ್ಟುಕೊಡುವುದಿಲ್ಲ ಎನ್ನುವವರಿಗೆ ಗೆಣಸಿನ ಕಥೆ ಹೇಳಬೇಕು. ಗೆಣಸೂ ಅಮೆರಿಕದ್ದೇ. ಆದರೆ ಪೆಸಿಫಿಕ್ ಸಾಗರದ ನಡುವಿನ ಪಾಲಿನೇಷ್ಯಾ ದ್ವೀಪಗಳಿಗೆ ಅದು ಕೊಲಂಬಸ್‌ಗಿಂತ ಮೊದಲೇ ತಲುಪಿತ್ತು ಎಂಬುದನ್ನು ಇಂದು ಹೆಚ್ಚಿನ ಸಂಶೋಧಕರು ಒಪ್ಪುತ್ತಾರೆ. ಕಾರಣ, ಮಂಗಾಯ ಎಂಬ ದ್ವೀಪದ ಅಗೆತದಲ್ಲಿ ಆ ಕಾಲದ ಸುಟ್ಟ ಗೆಣಸಿನ ತುಣುಕುಗಳೇ ಸಿಕ್ಕವು. ಜೋಳದ ಒಂದು ಸುಟ್ಟ ಕಾಳು ಹೊಯ್ಸಳರ ಕಾಲದ ಮಣ್ಣಿನ ಪದರದಲ್ಲಿ ಸಿಕ್ಕು, ಅದರ ವಯಸ್ಸು ನೇರವಾಗಿ ಅಳೆದು ಖಚಿತವಾದರೆ ನಾಳೆಯೇ ಈ ಲೇಖನದ ತೀರ್ಪು ತಿದ್ದಬೇಕಾಗುತ್ತದೆ.

ಅಂದರೆ ಆ ಫಾರ್ವರ್ಡ್‌ನಲ್ಲಿ 'ಹಾಗೆ ಕಾಣುತ್ತದೆ' ಎಂಬುದು ನಿಜ. 'ಹೊಯ್ಸಳರು ಅಮೆರಿಕಕ್ಕೆ ಹೋಗಿದ್ದರು' ಎಂಬುದಕ್ಕೆ ಏನೂ ಇಲ್ಲ. ಜೋಳವೇ ಎಂದು ವಾದಿಸಿದವರೂ ಹೇಳಿದ್ದು ಬೆಳೆ ಸಾಗರ ದಾಟಿತ್ತು ಎಂದಷ್ಟೇ.

ಕಥೆ ತಲೆಯಲ್ಲಿ ಇತಿಹಾಸವಾಗುವುದು ಹೇಗೆ

ಎಲಿಜಬೆತ್ ಮಾರ್ಷ್ ಮತ್ತು ಸಹೋದ್ಯೋಗಿಗಳು ಅಮೆರಿಕದಲ್ಲಿ ಒಂದು ಸರಳ ಪ್ರಯೋಗ ಮಾಡಿದರು, 2003ರಲ್ಲಿ ಪ್ರಕಟವಾಯಿತು. ಜನರಿಗೆ ಸಣ್ಣ ಕಥೆಗಳನ್ನು ಓದಲು ಕೊಟ್ಟರು. ಕಥೆಯ ಪಾತ್ರಗಳ ಮಾತಿನಲ್ಲಿ ಸಾಮಾನ್ಯ ಜ್ಞಾನದ ಸಂಗತಿಗಳನ್ನು ಸೇರಿಸಿದ್ದರು, ಕೆಲವು ಸರಿ, ಕೆಲವು ತಪ್ಪು. ಆಮೇಲೆ ಕ್ವಿಜ್. ಕಥೆಯಲ್ಲಿ ತಪ್ಪು ಮಾಹಿತಿ ಓದಿದವರು ಕ್ವಿಜ್‌ನಲ್ಲೂ ಅದೇ ತಪ್ಪು ಬರೆದದ್ದು ಹೆಚ್ಚು. ಅದಕ್ಕಿಂತ ವಿಚಿತ್ರವೆಂದರೆ, ಎಷ್ಟೋ ಸಲ ಅವರು ಅದು ತಮಗೆ ಮೊದಲೇ ಗೊತ್ತಿತ್ತು ಎಂದುಕೊಂಡಿದ್ದರು. ಕಥೆಯಲ್ಲಿ ತಪ್ಪುಗಳಿರಬಹುದು ಎಂದು ಎಚ್ಚರಿಸಿದರೂ ಪರಿಣಾಮ ಪೂರ್ತಿ ಹೋಗಲಿಲ್ಲ ಎಂದು ನಂತರದ ಅಧ್ಯಯನ ತೋರಿಸಿತು.

ಇದಕ್ಕೆ ಬುದ್ಧಿ ಕಡಿಮೆ ಎಂಬುದು ಕಾರಣವಲ್ಲ. ವಿಷಯ ಒಂದು ಕಡೆ, ಅದು ಎಲ್ಲಿಂದ ಬಂತು ಎಂಬ ಗುರುತು ಇನ್ನೊಂದು ಕಡೆ ನೆನಪಿನಲ್ಲಿ ಉಳಿಯುತ್ತದೆ. ಗುರುತು ಬೇಗ ಮಾಸುತ್ತದೆ. ಸೋಮನಾಥಪುರದ ತೆನೆ ನೆನಪಿರುತ್ತದೆ, ಅದನ್ನು ಹೇಳಿದ್ದು ಕಾದಂಬರಿಯ ಪಾತ್ರ ಎಂಬುದು ಮರೆತುಹೋಗುತ್ತದೆ. ಮೇಲಿಂದ ಅದೇ ಮಾತು ಮೂರು ಗುಂಪುಗಳಲ್ಲಿ ಬಂದರೆ ಕೇಳಿ ಕೇಳಿ ಪರಿಚಿತವಾಗಿ, ಪರಿಚಿತವಾಗಿದ್ದೇ ನಿಜ ಅನಿಸುತ್ತದೆ. ಪದೇ ಪದೇ ಕೇಳಿದ ಹೇಳಿಕೆ ಹೆಚ್ಚು ನಿಜ ಅನಿಸುತ್ತದೆ ಎಂಬುದನ್ನು 1977ರಲ್ಲೇ ಪ್ರಯೋಗದಲ್ಲಿ ತೋರಿಸಿದ್ದರು, ವಾಟ್ಸ್‌ಆ್ಯಪ್ ಹುಟ್ಟುವ ಮೂರು ದಶಕ ಮೊದಲು.

'ದ ಡಾ ವಿಂಚಿ ಕೋಡ್' ಬಂದಾಗ ಇದು ಜಗತ್ತಿನ ಮಟ್ಟದಲ್ಲೇ ಆಯಿತು. ಅದರಲ್ಲಿ ಬರುವ 'ಪ್ರಯರಿ ಆಫ್ ಸಯನ್' ಎಂಬ ಪುರಾತನ ಗುಪ್ತ ಸಂಘವನ್ನು ಲಕ್ಷಾಂತರ ಜನ ನಂಬಿದರು. ಅಸಲಿಗೆ ಅದು 1956ರಲ್ಲಿ ಫ್ರಾನ್ಸ್‌ನಲ್ಲಿ ಒಬ್ಬಾತ ನೋಂದಾಯಿಸಿದ ಸಂಘ. ಪುರಾತನ ಎಂಬ ಕಥೆ ಆಮೇಲೆ ಕಟ್ಟಿದ್ದು.

ನಂಬಿದರೆ ಏನು ನಷ್ಟ?

ಜೋಳದ ಮಟ್ಟಿಗೆ ದೊಡ್ಡ ನಷ್ಟ ಕಾಣದಿರಬಹುದು. ಆದರೆ ಈ ಬಗೆಯ ಕಥೆಗಳ ಇನ್ನೊಂದು ಪ್ರಿಯ ವಸ್ತು ನಿಧಿ. ಅಲ್ಲಿ ನಷ್ಟ ಕಣ್ಣಿಗೆ ಕಾಣುವಂಥದ್ದು.

'ಕರಿಸಿರಿಯಾನ' ಎಂಬ ಹೆಸರನ್ನೇ ಬಿಡಿಸಿ ನೋಡಿ: ಕರಿ ಎಂದರೆ ಆನೆ, ಸಿರಿ, ಯಾನ. 1565ರ ಯುದ್ಧದಲ್ಲಿ ವಿಜಯನಗರ ಸೋತಾಗ ಸುಮಾರು 550 ಆನೆಗಳ ಮೇಲೆ ಸಂಪತ್ತು ಹೇರಿಕೊಂಡು ರಾಜಮನೆತನದವರು ಪೆನುಕೊಂಡದ ಕಡೆ ಹೋದರು ಎಂಬ ವಿವರ ರಾಬರ್ಟ್ ಸೀವೆಲ್ 1900ರಲ್ಲಿ ಬರೆದ ವಿಜಯನಗರದ ಇತಿಹಾಸದಲ್ಲಿದೆ. ಆ ಸಂಪತ್ತು ಆಮೇಲೆ ಎಲ್ಲಿ ಹೋಯಿತು ಎಂದು ಕಾದಂಬರಿಕಾರ ಕೇಳುತ್ತಾನೆ, ಕಲ್ಪಿಸುತ್ತಾನೆ. ಅದು ಅವನ ಹಕ್ಕು, ಓದಲು ಮಜವೂ ಹೌದು. ತೊಂದರೆ ಇರುವುದು ಇದೇ ಜಾತಿಯ ಮಾತು 'ನಮ್ಮೂರ ಗುಡಿಯ ಕೆಳಗೆ ಪಾಳೇಗಾರರ ನಿಧಿ ಇದೆ' ಎಂಬ ಆಡಿಯೊ ಸಂದೇಶವಾದಾಗ. ನಿಧಿಗಳ್ಳರು ನಂದಿಯನ್ನು ಕಿತ್ತ, ಗರ್ಭಗುಡಿ ಅಗೆದ, ವೀರಗಲ್ಲು ಒಡೆದ ಸುದ್ದಿ ಕರ್ನಾಟಕದ ಯಾವ ಜಿಲ್ಲೆಗೂ ಹೊಸದಲ್ಲ. ನಿಧಿ ಸಿಗುವುದಿಲ್ಲ. ವೀರಗಲ್ಲಿನ ಮೇಲಿದ್ದ ನಾಲ್ಕು ಸಾಲು ಶಾಸನ ಮಾತ್ರ ಶಾಶ್ವತವಾಗಿ ಹೋಗುತ್ತದೆ. ಒಂದು ಊರಿನ ಮಟ್ಟಿಗೆ ಲಿಖಿತ ಇತಿಹಾಸ ಎಂದರೆ ಕೆಲವೊಮ್ಮೆ ಅಷ್ಟೇ ಇರುತ್ತದೆ.

ಕೇಂದ್ರ ಸರ್ಕಾರ ಸಂರಕ್ಷಿಸಿರುವ ಸ್ಮಾರಕಕ್ಕೆ ಹಾನಿ ಮಾಡಿದರೆ 2 ವರ್ಷದವರೆಗೆ ಜೈಲು, 1 ಲಕ್ಷ ರೂಪಾಯಿವರೆಗೆ ದಂಡ. ನೆಲದಲ್ಲಿ ಸಿಕ್ಕ ನಿಧಿಯ ಬಗ್ಗೆ ಜಿಲ್ಲಾಡಳಿತಕ್ಕೆ ತಿಳಿಸಲೇಬೇಕೆಂಬ ಕಾನೂನು 1878ರಿಂದಲೂ ಇದೆ. ಹೊಲದಲ್ಲಿ ಏನಾದರೂ ಸಿಕ್ಕರೆ ಫೋಟೊ ಹಾಕುವ ಮೊದಲು ತಹಶೀಲ್ದಾರರ ಕಚೇರಿಗೆ ಹೇಳಿ.

ಹಾಗಾದರೆ ಈ ಕಾದಂಬರಿಗಳನ್ನು ಓದಬಾರದೇ?

ಖಂಡಿತ ಓದಿ. ಆ ಓದುಗರಿಗೂ ನಾವು ಹೇಳಿದ್ದು ಅದನ್ನೇ. ಪಠ್ಯಪುಸ್ತಕ ಸೋಮನಾಥಪುರವನ್ನು ಒಂದು ಪ್ಯಾರಾದಲ್ಲಿ ಮುಗಿಸುತ್ತದೆ. ಅಲ್ಲಿನ ಒಂದು ಮೂರ್ತಿಯ ಕೈಯಲ್ಲಿ ಏನಿದೆ ಎಂದು ಯೋಚಿಸುವಂತೆ ಮಾಡಿದ್ದು ಕಾದಂಬರಿ. ಪ್ರಶ್ನೆ ಎತ್ತುವುದು ಅದರ ಕೆಲಸ, ಚೆನ್ನಾಗಿಯೇ ಮಾಡಿದೆ. ಉತ್ತರಕ್ಕೆ ಬೇರೆ ಬಾಗಿಲು ತಟ್ಟಬೇಕು. ಪುಸ್ತಕದ ಕೊನೆಯ ಟಿಪ್ಪಣಿಯನ್ನು ಕಥೆ ಮುಗಿದ ಮೇಲೆ ಬಿಡದೆ ಓದಿ. ಅಲ್ಲಿ ಹೆಸರಿಸಿದ ಸಂಶೋಧನೆಗೆ ಆಮೇಲೆ ಯಾರಾದರೂ ಉತ್ತರ ಕೊಟ್ಟಿದ್ದಾರೆಯೇ ಎಂದು ಹುಡುಕಿ. 1989ರ ಲೇಖನ ಮಾತ್ರ ತೋರಿಸಿ 1993ರದ್ದನ್ನು ಬಿಟ್ಟರೆ ಅರ್ಧ ಸತ್ಯವೇ ಪೂರ್ತಿ ಸತ್ಯದ ಹಾಗೆ ಕಾಣುತ್ತದೆ. ಫಾರ್ವರ್ಡ್ ಕಳಿಸಲೇಬೇಕು ಅನಿಸಿದರೆ 'ಇದು ಕಾದಂಬರಿಯಲ್ಲಿ ಓದಿದ್ದು' ಎಂಬ ಸಾಲು ಸೇರಿಸಿ ಕಳಿಸಿ.

ಮುಂದಿನ ಸಲ ಸೋಮನಾಥಪುರಕ್ಕೆ ಹೋದರೆ ಕೈಯಲ್ಲಿರುವ 'ತೆನೆ'ಯನ್ನಷ್ಟೇ ಜೂಮ್ ಮಾಡಿ ಫೋಟೊ ತೆಗೆಯಬೇಡಿ. ಅದೇ ಮೂರ್ತಿಯ ಕಿರೀಟ, ಕೊರಳ ಹಾರ, ತೋಳಬಂದಿ, ಸೊಂಟದ ಪಟ್ಟಿ ನೋಡಿ. ಹೊಯ್ಸಳ ಶಿಲ್ಪಿಗಳು ಬಳಪದ ಕಲ್ಲಿನಲ್ಲಿ ಮುತ್ತುಗಳನ್ನು ಒತ್ತೊತ್ತಾಗಿ, ಸಾಲು ಸಾಲಾಗಿ ಬಿಡಿಸುವುದರಲ್ಲಿ ಎತ್ತಿದ ಕೈ. ಆ ಮುತ್ತಿನ ಸಾಲುಗಳನ್ನು ಒಮ್ಮೆ ನೋಡಿ, ಆಮೇಲೆ ಕೈಯಲ್ಲಿರುವ ವಸ್ತುವಿನ ಕಾಳುಗಳ ಕಡೆಗೆ ಕಣ್ಣು ಹಾಯಿಸಿ.